ಲೈನ್‌ಮ್ಯಾನ್ ಅಂಗಿ ಮತ್ತು ನಮ್ಮ ನೇರ ಪ್ರಸಾರ

ಬಾಶೆಟ್ಟಿಹಳ್ಳಿಯ ನಮ್ಮ ಕಾರ್ಖಾನೆಯ ಫುಟ್‌ಬಾಲ್ ಮೈದಾನವನ್ನು ಮೊದಲ ಬಾರಿಗೆ ಸ್ಟೇಡಿಯಂ ಎಂದು ಕರೆದವನು ನಾನೇ. ಆಹ್ವಾನಪತ್ರಿಕೆಯ ಕರಡು ಬರೆಯುತ್ತಿದ್ದೆ; ‘ಮೈದಾನ’ ಎಂಬ ಪದ ಯಾಕೋ ಬಡವಾಗಿ ಕಂಡಿತು. ಅಲ್ಲಿದ್ದದ್ದು ಒಂದು ಬದಿಗೆ ಸೈಜುಗಲ್ಲಿನ ಮೂರು ಮೆಟ್ಟಿಲು, ಎದುರು ಬದಿಗೆ ನೀಲಗಿರಿ ತೋಪು, ಒಂದು ಗೋಲಿನ ಹಿಂದೆ ಬಾಯ್ಲರ್ ಬೂದಿಯ ಗುಡ್ಡೆ. ತಂಡ ಮಾತ್ರ ನಿಜವಾದದ್ದು. ಆಡುವುದಕ್ಕೆಂದೇ ಕೆಲಸ ಕೊಟ್ಟು ಇಟ್ಟುಕೊಂಡವರು ಅವರೆಲ್ಲ. ಹಾಜರಿ ಪುಸ್ತಕದಲ್ಲಿ ಫಿಟ್ಟರ್, ಹೆಲ್ಪರ್ ಎಂದು ಬರೆದಿದ್ದರೂ ಸಂಬಳ ಬರುತ್ತಿದ್ದದ್ದು ಅವರ ಕಾಲಿಗೆ. ಬೆಂಗಳೂರಿನಿಂದಲೂ ಅಂಥದೇ ಸಂಬಳದ ತಂಡಗಳು ನಮ್ಮ ಪಂದ್ಯಾವಳಿಗೆ ಬರುತ್ತಿದ್ದವು. ಹಾಗಾಗಿ ಸ್ಟೇಡಿಯಂ ಎಂದೇ ಅಚ್ಚಾಯಿತು. ಅಚ್ಚಾದ ಮೇಲೆ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳಬೇಕಾಗಿ ಬಂತು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಟೈಮ್ ಆಫೀಸಿನಲ್ಲಿದ್ದೆ. ಭೌತಶಾಸ್ತ್ರ ಓದಿದ ಬಿ.ಎಸ್ಸಿ. ಪದವೀಧರ, ಎರಡು ಭಾಷೆಯಲ್ಲಿ ಉಸಿರು ಬಿಡದೆ ಮಾತಾಡಬಲ್ಲವ ಎಂಬ ಕಾರಣಕ್ಕೆ ಕಾಮೆಂಟರಿ ನನ್ನ ಪಾಲಿಗೆ ಬಂದಿತ್ತು. ಅಲ್ಲಿಯವರೆಗೆ ನಮ್ಮ ಧ್ವನಿವರ್ಧಕವೆಂದರೆ ನೀಲಗಿರಿ ಮರಕ್ಕೆ ಕಟ್ಟಿದ ಎರಡು ತಗಡಿನ ಕೊಂಬುಗಳು, ಕೆಳಗೆ ಲಾರಿಯಿಂದ ಬಿಚ್ಚಿ ತಂದ ಒಂದು ಬ್ಯಾಟರಿ. ದನಿ ನೆಗಡಿಯಾದವನ ದನಿಯಂತೆ ಬರುತ್ತಿತ್ತು. ಆದರೆ ಕರೆಂಟು ಇರಲಿ, ಹೋಗಲಿ, ಅದು ಬರುವುದನ್ನು ನಿಲ್ಲಿಸುತ್ತಿರಲಿಲ್ಲ.

ಆ ವರ್ಷ ಕ್ರೀಡಾ ಸಮಿತಿಯ ಅಧ್ಯಕ್ಷರಾಗಿದ್ದವರು ನಮ್ಮ ಪರ್ಸನೆಲ್ ಮ್ಯಾನೇಜರು. ಎಲ್ಲರ ಬಾಯಲ್ಲೂ ಅವರು ಸಾಹೇಬರು. ಮನೆಯಲ್ಲಿ ಬಣ್ಣದ ಟೀವಿಯ ಮುಂದೆ ಕೂತು ಯಾವುದೋ ದೇಶದ ಪಂದ್ಯ ನೋಡಿದವರು, ಮರುದಿನ ನನ್ನನ್ನು ಕರೆಸಿ, “ನಮ್ಮದ್ಯಾಕೆ ಹಂಗಿಲ್ಲ?” ಎಂದು ಕೇಳಿದರು. ಹುಲ್ಲಿಲ್ಲ ಎಂದು ನಾನು ಹೇಳಬೇಕಿತ್ತು. “ಸೌಂಡೂ ಪಿಕ್ಚರೂ ಇಲ್ಲ ಸಾರ್” ಎಂದೆ.

ಅಲ್ಲಿಂದ ಶುರುವಾಯಿತು. ಆಳೆತ್ತರದ ನಾಲ್ಕು ಸ್ಪೀಕರ್ ಬಾಕ್ಸುಗಳು ಬಂದವು. ಮಾತನ್ನು ಮೂರು ಸಲ ಅನುರಣಿಸುವ ಎಕೋ ಇದ್ದ ಆಂಪ್ಲಿಫೈಯರ್ ಬಂತು. ಶಾಮಿಯಾನದ ಕೆಳಗೆ ಅತಿಥಿಗಳಿಗೆಂದು ಎರಡು ಟೀವಿ; ಕಣ್ಣೆದುರಿಗೇ ನಡೆಯುವ ಪಂದ್ಯವನ್ನು ಅವರು ಅದರೊಳಗೆ ನೋಡಬೇಕು. ಕಾರ್ಖಾನೆಯ ಸೆಕ್ಯುರಿಟಿಯವರಿಂದ ಎರಡು ವಾಕಿಟಾಕಿಗಳನ್ನು ಇಸಿದುಕೊಂಡೆವು. ಒಂದು ಸಾಹೇಬರ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ಹತ್ತಡಿ ದೂರದಲ್ಲಿ ನಿಂತಿದ್ದರೂ ಸಾಹೇಬರು ಅದರಲ್ಲೇ ಮಾತಾಡುತ್ತಿದ್ದರು. “ಕಾಫಿ ಬಂತಾ, ಓವರ್.” “ಬಂತು ಸಾರ್, ಓವರ್.” ಹಳೆಯ ಕೊಂಬುಗಳನ್ನೂ ಬ್ಯಾಟರಿಯನ್ನೂ ಗುಜರಿಯವನಿಗೆ ಹಾಕುವ ಚೀಟಿಗೆ ಸಹಿ ಮಾಡಿದವನು ನಾನು. ಈ ಸಹಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನನಗಂತೂ ಮರೆಯಲು ಆಗಿಲ್ಲ.

ಚಿತ್ರದ ಜವಾಬ್ದಾರಿ ದೊಡ್ಡಬಳ್ಳಾಪುರ ಪೇಟೆಯ ಒಬ್ಬ ಕೇಬಲ್ ಮಾಲೀಕನದು. ಮದುವೆಗಳಿಗೆ ವಿಡಿಯೋ ತೆಗೆದು ಹೆಸರಾದವನು. ಯಾವುದನ್ನು ತೆಗೆದರೂ ಅದರಲ್ಲಿ ಧಾರೆಯ ಮುಹೂರ್ತದ ಕಳೆ ಬರುತ್ತಿತ್ತು. “ಲೈವ್ ಮಾಡ್ಬಿಡಾಣ ಗುರು” ಎಂದು ಅವನೇ ಸಾಹೇಬರ ತಲೆಗೆ ತುಂಬಿದ್ದು. ಮೈದಾನದಿಂದ ಪೇಟೆಯವರೆಗೆ ತಂತಿ ಎಳೆಯುವುದು ಅವನ ಕೈಲಾಗದ ಮಾತು. ಆದ್ದರಿಂದ ಮೊದಲರ್ಧದ ಕ್ಯಾಸೆಟ್ ಮೊಪೆಡ್ಡಿನ ಮೇಲೆ ಪೇಟೆಗೆ ಹೋಗುವುದು, ಅಲ್ಲಿ ಅವನ ತಮ್ಮ ಅದನ್ನು ಹಾಕುವುದು, ಅಷ್ಟರಲ್ಲಿ ಇಲ್ಲಿ ಎರಡನೆಯ ಅರ್ಧ ಮುಗಿದಿರುವುದು. ನೇರ ಪ್ರಸಾರವೆಂದರೆ ಇದು. ಮೊದಲರ್ಧ ನೋಡಿ ಬೇಸರವಾಗಿ ಮನೆಗೆ ಸೈಕಲ್ ತುಳಿದವನು ಅದೇ ಮೊದಲರ್ಧವನ್ನು ಮನೆಯಲ್ಲಿ ಎರಡನೆಯ ಸಲ ನೋಡುವ ಭಾಗ್ಯ ಇದರಿಂದ ಒದಗಿತು.

ಪಂದ್ಯಕ್ಕೆ ಒಂದು ವಾರ ಮುಂಚೆ ಟ್ರಯಲ್ ನೋಡಿದೆವು. ನಾನು ಮೈಕಿನಲ್ಲಿ ಒಮ್ಮೆ “ಗೋಲ್” ಎಂದೆ. ಬಾಕ್ಸುಗಳು ಮೂರು ಸಲ ಅಂದವು. ತೋಪಿನಾಚೆ ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ಬೇಲಿಯ ಹತ್ತಿರ ಬಂದು, “ಖಾಲಿ ಮೈದಾನ್ದಲ್ಲೇ ಮೂರು ಹೊಡ್ದ್ರಾ? ಭೇಷ್” ಎಂದರು. ಅದೇ ಹೊತ್ತಿಗೆ ಟೀವಿಯ ಚಿತ್ರ ನಾಲ್ಕೂ ಕಡೆಯಿಂದ ಮುದುಡಿ ಅಂಗೈಯಗಲವಾಯಿತು. ಇಷ್ಟೊಂದು ಯಂತ್ರಗಳನ್ನು ನಮ್ಮ ಮೈದಾನದ ತಂತಿ ಹೊರಲಾರದು ಎಂದು ಗೊತ್ತಾಯಿತು. ಲೈನ್‌ಮ್ಯಾನ್‌ಗೆ ಹೇಳಿ ಕಳಿಸಿದೆವು.

ಆತ ತ್ಯಾಮಗೊಂಡ್ಲು ಕಡೆಯವನು. ಐವತ್ತು ದಾಟಿದ ಒಣಕಲು ಮೈ, ಖಾಕಿ ಅಂಗಿ. ವೇದಿಕೆಯ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಇತ್ತು. ಅದರ ಕಂಬದ ಬುಡದಲ್ಲಿ ಎದೆಯ ಮಟ್ಟಕ್ಕೆ ಕಬ್ಬಿಣದ ಹ್ಯಾಂಡಲ್. ಕೆಳಕ್ಕೆ ಎಳೆದರೆ ಇಡೀ ಮೈದಾನಕ್ಕೆ ಕರೆಂಟಿಲ್ಲ, ಮೇಲಕ್ಕೆ ತಳ್ಳಿದರೆ ಉಂಟು. ಹ್ಯಾಂಡಲ್‌ಗೆ ಹಾಕುವ ಬೀಗ ಯಾವ ಕಾಲದಲ್ಲೋ ಕಳೆದುಹೋಗಿತ್ತು. ಆತ ಹ್ಯಾಂಡಲ್ ಎಳೆದ. ಅಂಗಿ ಬಿಚ್ಚಿದ. ಕಾಲರ್ ಹಿಡಿದು ಹ್ಯಾಂಡಲ್ಲಿಗೆ ನೇತುಹಾಕಿದ. ಬರಿ ಬನಿಯನ್ನಿನಲ್ಲಿ, ಮೈದಾನದ ಮೂಲೆಯ ಕಂಬದ ಕಡೆಗೆ ನಡೆಯತೊಡಗಿದ.

“ಸೆಕೆನಾ?” ಎಂದು ಕೇಳಿದೆ.

“ಸೆಕೆಯಲ್ಲ ಸಾ. ಅಂಗಿ ಇಲ್ಲೈತೆ ಅಂದ್ರೆ ನಾನು ಮ್ಯಾಲಿದ್ದೀನಿ ಅಂತ.”

“ಒಂದು ಬೋರ್ಡು ಹಾಕಬಾರದೇ?”

“ಬೋರ್ಡ್ ಹಾಕಿದ್ರೆ ಯಾರ್ ಓದ್ತಾರೆ ಸಾ? ಓದಿದೋರಾದ್ರೂ ಕೇಳ್ತಾರಾ? ಇನ್ನೊಬ್ಬನ ಬೆವ್ರಂಗಿ ಮುಟ್ಟಾಕೆ ಎಲ್ರೂ ಹೇಸ್ತಾರೆ. ಈ ಸುತ್ತ ಹಳ್ಳಿಯೋರಿಗೆಲ್ಲ ಗೊತ್ತು. ಮೋಟ್ರಿಗೆ ಕರೆಂಟಿಲ್ಲ ಅಂತ ನನ್ನ ಜಲ್ಮ ಜಾಲಾಡ್ತಾರೆ, ಅಂಗಿ ಮಾತ್ರ ಮುಟ್ಟಲ್ಲ.”

ನಾನು ನಕ್ಕೆ. ಸಂಜೆ ಟೈಮ್ ಆಫೀಸಿನಲ್ಲಿ ಇದನ್ನು ಒಂದು ಜೋಕಿನ ಹಾಗೆ ಹೇಳಿಯೂ ಹೇಳಿದೆ. ಅಂದರೆ ನನಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಒಂದೇ ಒಂದು ದಾರಿಯನ್ನೂ ಆತ ಅವತ್ತೇ ಮುಚ್ಚಿಬಿಟ್ಟಿದ್ದ.

ಫೈನಲ್ ಪಂದ್ಯದ ದಿನ. ಮಧ್ಯಾಹ್ನ ಮೂರೂಕಾಲಿಗೆ ಮೂಲೆಯ ಕಂಬದಲ್ಲಿ ಕಿಡಿ ಹಾರಿ ಕರೆಂಟು ಹೋಯಿತು. ನಾಲ್ಕಕ್ಕೆ ಪಂದ್ಯ. ಮುಖ್ಯ ಅತಿಥಿಗಳು ದೇವನಹಳ್ಳಿಯ ಕಡೆಯಿಂದ ಹೊರಟಾಗಿತ್ತು. ಲೈನ್‌ಮ್ಯಾನ್ ಮುಂಜಾಗ್ರತೆಗೆಂದು ಅಲ್ಲೇ ಇದ್ದ. ಹ್ಯಾಂಡಲ್ ಎಳೆದು, ಅಂಗಿ ಬಿಚ್ಚಿ ಹಾಕಿ, ಕಂಬ ಹತ್ತಿದ. ಜೊತೆಗಾರನಿದ್ದರೆ ಹ್ಯಾಂಡಲ್ ಹತ್ತಿರ ನಿಲ್ಲುತ್ತಿದ್ದ. ಅವನು ಅವತ್ತು ನೆಲಮಂಗಲಕ್ಕೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದ.

ನಾನು ವೇದಿಕೆಗೆ ಎದುರಾಗಿ, ತೋಪಿನ ಕಡೆ ಸರ್ವೆ ಮರ ಕಟ್ಟಿ ಮಾಡಿದ್ದ ಕ್ಯಾಮೆರಾ ಅಟ್ಟಣೆಯ ಮೇಲಿದ್ದೆ. ಕ್ಯಾಮೆರಾಕ್ಕೆ ಅದರದೇ ಬ್ಯಾಟರಿಯಿತ್ತು, ಅದು ಓಡುತ್ತಲೇ ಇತ್ತು. ಕೇಬಲ್ ಮಾಲೀಕ ಅದರ ಕಿಂಡಿಯಲ್ಲಿ ಕಣ್ಣಿಟ್ಟವನು ತಲೆ ಎತ್ತಿ, “ಒಸಿ ನೋಡಿ ಗುರು, ಸ್ಟೇಜ್ ಪಕ್ಕ ಏನೋ ಗಲೀಜು ಬರ್ತೈತೆ. ಚೀಫ್ ಗೆಸ್ಟ್ ಕ್ಲೋಸಪ್ ಹಾಕುದ್ರೆ ಕಿವಿ ಪಕ್ಕನೇ ನೇತಾಡ್ತದೆ” ಎಂದ.

ನಾನು ಕಿಂಡಿಗೆ ಕಣ್ಣು ಹಚ್ಚಿದೆ. ಬೆಂಕಿಪೊಟ್ಟಣದಷ್ಟು ಅಗಲದ ಕಪ್ಪು ಬಿಳುಪಿನ ಚೌಕ. ಅದರೊಳಗೆ ಹೂವಿನ ವೇದಿಕೆ, ಸುಸ್ವಾಗತದ ಬಟ್ಟೆ, ಬಾಕ್ಸುಗಳು. ಎಡಗಡೆಗೆ ಒಂದು ಚಿಂದಿ. ಹತ್ತು ನಿಮಿಷದ ಹಿಂದೆ ಇದೇ ಕಣ್ಣಿನಿಂದ ಆತ ಅಂಗಿ ಬಿಚ್ಚುವುದನ್ನು ನೋಡಿದ್ದೆ. ಚೌಕದೊಳಗೆ ಅದು ಅಂಗಿಯಾಗಿರಲಿಲ್ಲ, ಯಾರದ್ದೂ ಆಗಿರಲಿಲ್ಲ. ಚಿತ್ರ ಕೆಡಿಸುವ ವಸ್ತುವಾಗಿತ್ತು ಅಷ್ಟೆ. ವಾಕಿಟಾಕಿ ಎತ್ತಿದೆ.

“ಸಾರ್, ಸ್ಟೇಜ್ ಪಕ್ಕ ಏನೋ ಬಟ್ಟೆ ನೇತಾಡ್ತಿದೆ. ಟೀವಿಯಲ್ಲಿ ಅಸಹ್ಯವಾಗಿ ಕಾಣುತ್ತೆ. ತೆಗೆಸಿಬಿಡಿ, ಓವರ್.”

“ತೆಗೆಸ್ದೆ ಅಂದ್ಕೊ. ಓವರ್.”

ಕಿಂಡಿಯೊಳಗೆ ಒಂದು ಕೈ ಬಂತು, ಚಿಂದಿ ಮಾಯವಾಯಿತು. “ಆಹಾ, ಈಗ ನೋಡು, ಮದ್ವೆ ಮನೆ” ಎಂದ ಕೇಬಲ್ ಮಾಲೀಕ. ನಾನು ವಾಕಿಟಾಕಿಯನ್ನು ಅಟ್ಟಣೆಯ ಮೇಲೆಯೇ ಬಿಟ್ಟು, ಏಣಿಯಿಳಿದು, ಮೈದಾನ ದಾಟಿ ವೇದಿಕೆಗೆ ನಡೆದೆ. ಆ ನಡಿಗೆ ಎಷ್ಟು ಹೆಜ್ಜೆ ಎಂದು ಆಮೇಲೆ ಎಷ್ಟೋ ಸಲ ಎಣಿಸಿದ್ದೇನೆ. ಲೆಕ್ಕ ಪ್ರತಿ ಸಲ ಬೇರೆ ಬರುತ್ತದೆ. ಮಧ್ಯದ ಗೆರೆಯ ಹತ್ತಿರ ನಿಂತು ಶೂ ದಾರ ಕಟ್ಟಿಕೊಂಡದ್ದು ಮಾತ್ರ ಪ್ರತಿ ಸಲವೂ ಇರುತ್ತದೆ.

ವೇದಿಕೆ ಹತ್ತಿದಾಗ ಗೇಟಿನ ಕಡೆ ಬ್ಯಾಂಡ್‌ಸೆಟ್ ಶುರುವಾಗಿತ್ತು. ಕಾರು ಬಂದಿತ್ತು. ಸಾಹೇಬರು ಹಾರ ಹಿಡಿದು ಅತ್ತ ಓಡಿದ್ದರು. ಮೇಜಿನ ಮೇಲೆ ಫಲತಾಂಬೂಲದ ತಟ್ಟೆ, ಶಾಲು, ಅವುಗಳ ಪಕ್ಕದಲ್ಲಿ ಅಷ್ಟೇ ಒಪ್ಪವಾಗಿ ಮಡಿಸಿಟ್ಟ ಒಂದು ಖಾಕಿ ಅಂಗಿ. ಜೇಬಿನಲ್ಲಿ ಬೀಡಿ ಕಟ್ಟು.

ಅಂಗಿ ನೋಡಿದೆ. ಮೂಲೆಯ ಕಂಬ ನೋಡಿದೆ. ತುದಿಯಲ್ಲಿ ಬನಿಯನ್ನು ಕಾಣುತ್ತಿತ್ತು. ಎರಡೂ ಕೈ ತಂತಿಯ ಮೇಲಿದ್ದವು. ಟ್ರಾನ್ಸ್‌ಫಾರ್ಮರ್ ಕಡೆ ತಿರುಗಿದೆ. ಅಲ್ಲಿ ಗೋಲಿನ ಮುಂದೆ ಎದುರಾಳಿಗೆ ಅಡ್ಡ ನಿಲ್ಲುವ ನಮ್ಮ ತಂಡದ ಸ್ಟಾಪರ್ ಬ್ಯಾಕ್ ಜರ್ಸಿ ತೊಟ್ಟು ನಿಂತಿದ್ದ. ಆರಡಿ ಆಳು, ಬಾಯ್ಲರ್ ವಿಭಾಗದವನು. ಸಾಹೇಬರು ಕಾರಿನ ಕಡೆ ಓಡುವಾಗ ಕೆಳಗಿಳಿದಿದ್ದ ಹ್ಯಾಂಡಲ್ ನೋಡಿ, ಅದನ್ನು ಯಾರೋ ಮರೆತಿದ್ದಾರೆ ಎಂದುಕೊಂಡು, “ಲೇ, ಅದನ್ನ ಮೇಲಕ್ಕೆ ತಳ್ಳೋ, ಮೈಕ್ ಬರ್ಲಿ” ಎಂದು ಹೇಳಿ ಹೋಗಿದ್ದರಂತೆ. ಅವನ ಮತ್ತು ಮೂಲೆಯ ಕಂಬದ ನಡುವೆ ನಾನೇ ಕಟ್ಟಿಸಿದ್ದ ‘ಸುಸ್ವಾಗತ’ ಅಡ್ಡ ಬಂದಿತ್ತು. ಅವನು ಎರಡೂ ಅಂಗೈಗೆ ಉಗುಳಿಕೊಂಡು ಉಜ್ಜಿದ. ಹ್ಯಾಂಡಲ್ ಹಿಡಿದ. ಅದು ತುಕ್ಕು ಹಿಡಿದಿದ್ದರಿಂದ ಮೊದಲ ಸಲಕ್ಕೆ ಅಲ್ಲಾಡಲಿಲ್ಲ. ಆ ತುಕ್ಕಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ನಾನು ಮೈಕು ಹಿಡಿದು “ನಿಲ್ಸೋ!” ಎಂದು ಕೂಗಿದೆ.

ಏನೂ ಬರಲಿಲ್ಲ. ಬರುವಂತಿರಲಿಲ್ಲ, ಕರೆಂಟೇ ಇರಲಿಲ್ಲವಲ್ಲ. ಭೌತಶಾಸ್ತ್ರ ಓದಿದವನಿಗೆ ಅದು ಹೊಳೆಯಲು ಎರಡನೆಯ ಕೂಗು ಬೇಕಾಯಿತು. ಆ ಮೈಕಿನಿಂದ ನನ್ನ ದನಿ ಹೊರಗೆ ಬರಬೇಕಾದರೆ ಹ್ಯಾಂಡಲ್ ಮೇಲೇರಬೇಕು. ಬಂತೆಂದರೆ ಆತ ಹೋದನೆಂದೇ ಅರ್ಥ. ಈಗಲೂ ನನಗೆ ಬೀಳುವ ಕನಸಿನಲ್ಲಿ ಹ್ಯಾಂಡಲ್ ಕಾಣಿಸುವುದಿಲ್ಲ, ಕಂಬವೂ ಇಲ್ಲ. ಮೈಕು ಮಾತ್ರ ತಟ್ಟನೆ ಜೀವ ಬಂದು, ‘ನಿಲ್ಸೋ’ ಎಂಬುದು ನಾಲ್ಕು ಬಾಕ್ಸುಗಳಿಂದ ಸೊಗಸಾಗಿ, ಸ್ಪಷ್ಟವಾಗಿ, ಮೂರು ಸಲ ಕೇಳಿಸುತ್ತದೆ.

ಬ್ಯಾಂಡ್‌ಸೆಟ್ಟಿನ ಸದ್ದಿನಲ್ಲಿ ನನ್ನ ಬರಿಗಂಟಲು ಮೇಜಿನಾಚೆಗೂ ಹೋಗಲಿಲ್ಲ. ಓಡಿ ಹೋಗಿ ತಡೆಯಲು ಹತ್ತು ಗಜ ದೂರ, ನಡುವೆ ಮೇಜು, ಬಾಕ್ಸುಗಳು. ಪಕ್ಕದಲ್ಲಿ ರೆಫರಿ ಇದ್ದರು. ದೊಡ್ಡಬಳ್ಳಾಪುರದ ಹೈಸ್ಕೂಲೊಂದರ ಪಿ.ಟಿ. ಮೇಷ್ಟ್ರು. ಚೆಂಡನ್ನು ಒತ್ತಿ ಗಾಳಿ ನೋಡುತ್ತಿದ್ದರು. ಕತ್ತಿನಲ್ಲಿ ಸೀಟಿ ನೇತಾಡುತ್ತಿತ್ತು.

“ಊದಿ ಸಾರ್, ಸೀಟಿ ಊದಿ!”

ಅವರು ವಾಚು ನೋಡಿಕೊಂಡರು. “ಇನ್ನೂ ಟೈಮ್ ಐತೆ ಕಣಪ್ಪಾ. ಟಾಸೇ ಆಗಿಲ್ಲ.”

ನಾನು ಸೀಟಿಯ ದಾರ ಹಿಡಿದು ಎಳೆದೆ. ಸೀಟಿಯ ಜೊತೆ ಮೇಷ್ಟ್ರೂ ಬಂದರು. ಅವರ ಕೆನ್ನೆ ನನ್ನ ಕೆನ್ನೆಗೆ ಒತ್ತಿಕೊಂಡಿರುವಾಗಲೇ ಸೀಟಿ ಬಾಯಿಗಿಟ್ಟು ಇದ್ದ ಉಸಿರನ್ನೆಲ್ಲ ಊದಿದೆ.

ಬೆಂಕಿ ಬಿತ್ತೆಂದು ಕೂಗಿದ್ದರೂ ಸ್ಟಾಪರ್ ಬ್ಯಾಕಿಗೆ ಅರ್ಥವಾಗುತ್ತಿರಲಿಲ್ಲವೇನೋ. ಸೀಟಿ ಅರ್ಥವಾಗುತ್ತಿತ್ತು. ವರ್ಷಗಟ್ಟಲೆ ಎದುರಾಳಿಗಳ ಕಾಲಿಗೆ ಒದ್ದು ಸೀಟಿ ಕೇಳಿಸಿಕೊಂಡವನು ಅವನು. ಸೀಟಿ ಕಿವಿಗೆ ಬಿದ್ದ ತಕ್ಷಣ ಅವನ ಮೈ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಹ್ಯಾಂಡಲ್‌ನಿಂದ ಎರಡೂ ಕೈ ತೆಗೆದು, ಆಕಾಶಕ್ಕೆ ಎತ್ತಿ, ಮುಗ್ಧನಂತೆ ನಮ್ಮ ಕಡೆ ತಿರುಗಿ ಕೂಗಿದ:

“ನಾನ್ ಮುಟ್ಟೇ ಇಲ್ಲ ಸಾರ್!”

ಅವನು ಕೈ ಇಳಿಸುವುದರೊಳಗೆ ನಾನು ಹಾರಿ ಹೋಗಿ ಹ್ಯಾಂಡಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಸೀಟಿಗೆ ಬ್ಯಾಂಡ್‌ಸೆಟ್ಟೂ ನಿಂತಿತ್ತು. ಮೂಲೆಯ ಕಂಬದ ಮೇಲಿನಿಂದ ದನಿ ಬಂತು. “ಮ್ಯಾಚು ಶುರುವಾಗೋಯ್ತಾ? ಒಂದೈದ್ ನಿಮ್ಷ ತಡ್ಕಳಿ ಸಾ, ಆಗೋಯ್ತು!”

ಆತ ಇಳಿದು ಬಂದ. ಹ್ಯಾಂಡಲ್ ನೋಡಿದ, ಅಂಗಿಯ ಜಾಗದಲ್ಲಿ ನನ್ನನ್ನು ನೋಡಿದ. ಸ್ಟಾಪರ್ ಬ್ಯಾಕ್ ಓಡಿ ಹೋಗಿ ಮೇಜಿನ ಮೇಲಿಂದ ಅಂಗಿ ತಂದುಕೊಟ್ಟ. ಆತ ಅದನ್ನು ಬಿಡಿಸಲಿಲ್ಲ. ಮಡಿಕೆಯ ಮೇಲೆ ಬೆರಳಾಡಿಸಿದ. “ಇಸ್ತ್ರಿ ಮಾಡ್ದಂಗೆ ಮಡ್ಸವ್ರೆ” ಎಂದ. ಆಮೇಲೆ ಕಂಬದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಬೀಡಿ ಹಚ್ಚಲು ಮೂರು ಕಡ್ಡಿ ಬೇಕಾಯಿತು. “ಯಾರು ತೆಗ್ದಿದ್ದು?” ಎಂದು ಯಾರನ್ನೂ ನೋಡದೆ ಕೇಳಿದ.

ಅಷ್ಟರಲ್ಲಿ ಅತಿಥಿಗಳನ್ನು ವೇದಿಕೆಗೆ ಹತ್ತಿಸಿ ಬಂದ ಸಾಹೇಬರು, “ಅಲ್ಲೇನೋ ಬಟ್ಟೆ ನೇತಾಡ್ತಿತ್ತಪ್ಪಾ, ಟೀವಿಗೆ ಚೆನ್ನಾಗಿ ಕಾಣಲ್ಲ ಅಂದ್ರು” ಎಂದರು. ಯಾರು ಅಂದರು ಎಂದು ಅವರು ಹೇಳಲಿಲ್ಲ. ದೊಡ್ಡ ಮನುಷ್ಯರು. ನನಗೂ ಹೇಳಬೇಕೆನಿಸಲಿಲ್ಲ. ಆತ ಎದ್ದು ಹ್ಯಾಂಡಲ್ ಮೇಲೆ ತಳ್ಳಿದ. ಬಾಕ್ಸುಗಳು ಗುಂಯ್‌ಗುಟ್ಟಿದವು. ನಾನು ವೇದಿಕೆಗೆ ಹೋಗಿ “ಸನ್ಮಾನ್ಯ ಮುಖ್ಯ ಅತಿಥಿಗಳೇ” ಎಂದೆ, ಮೂರು ಸಲ ಕೇಳಿಸಿತು.

ಪಂದ್ಯದಲ್ಲಿ ನಾವು ಗೆದ್ದೆವು. ಸಾಹೇಬರು ತಮ್ಮ ಭಾಷಣದಲ್ಲಿ ಕ್ಯಾಮೆರಾದವನಿಗೆ, ಸೌಂಡಿನವನಿಗೆ, ಶಾಮಿಯಾನದವನಿಗೆ, ಕಾಮೆಂಟರಿಯ ನನಗೆ ಕೃತಜ್ಞತೆ ಹೇಳಿದರು. ನನಗೊಂದು ಶಾಲು ಹೊದಿಸಿದರು. ಅಂಗಿಯಿಟ್ಟಿದ್ದ ಮೇಜಿನ ಮೇಲಿಂದಲೇ ತೆಗೆದ ಶಾಲು. ಅದರಲ್ಲಿ ಬೀಡಿಯ ವಾಸನೆ ಇತ್ತೋ, ನನಗೆ ಹಾಗನ್ನಿಸಿತೋ ಗೊತ್ತಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮದು ಈಗ ಸುಧಾರಿಸಿದ ಸ್ಟೇಡಿಯಂ ಅಲ್ಲವೇ? ಜನರ ಒತ್ತಾಯದ ಮೇರೆಗೆ ಎಂದು ಹೇಳಿಕೊಂಡು ಕೇಬಲ್ ಮಾಲೀಕ ಮುಂದಿನ ಭಾನುವಾರ ಇಡೀ ಕ್ಯಾಸೆಟ್ಟನ್ನು, ಪಂದ್ಯಕ್ಕೆ ಮುಂಚಿನದನ್ನೂ ಸೇರಿಸಿ, ಮತ್ತೆ ಹಾಕಿದ. ನಾನು ಬಾಡಿಗೆ ಮನೆಯ ಓನರ್ ಕೋಣೆಯಲ್ಲಿ ಹತ್ತು ಜನರ ನಡುವೆ ಕೂತು ನೋಡಿದೆ. ಮೊದಲಿಗೆ ಖಾಲಿ ವೇದಿಕೆ, ಹೂವು. ಎಡಕ್ಕೆ ಅಂಗಿ. ಕ್ಯಾಮೆರಾಕ್ಕೆ ಚಿತ್ರ ಹಿಡಿಯುವ ಕಣ್ಣಿನ ಜೊತೆ ದನಿ ಹಿಡಿಯುವ ಕಿವಿಯೂ ಇದೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ಟೀವಿಯೊಳಗಿಂದ ನಾನು ಮಾತಾಡಿದೆ: “ಟೀವಿಯಲ್ಲಿ ಅಸಹ್ಯವಾಗಿ ಕಾಣುತ್ತೆ. ತೆಗೆಸಿಬಿಡಿ, ಓವರ್.” ಹಳೆಯ ಕೊಂಬುಗಳಲ್ಲಾಗಿದ್ದರೆ ಯಾರ ದನಿ ಎಂದು ನನ್ನ ತಾಯಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. “ನಿಮ್ ದನಿ ಟೀವಿಲಿ ಎಷ್ಟ್ ಚೆನ್ನಾಗ್ ಬರುತ್ತೆ!” ಎಂದರು ಓನರ್ ಹೆಂಡತಿ.

ಬುಧವಾರವೋ ಗುರುವಾರವೋ ಶಿಫ್ಟ್ ಬಿಡುವ ಹೊತ್ತಿಗೆ ಲೈನ್‌ಮ್ಯಾನ್ ಕಾರ್ಖಾನೆಯ ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತಿದ್ದ.

“ಭಾನ್ವಾರ ಟೀವಿ ನೋಡ್ದೆ ಸಾ. ಹೆಂಡ್ತಿ ಮಕ್ಳೆಲ್ಲ ಕೂತಿದ್ರು. ನಿಮ್ ದನಿ ಬೋ ಚೆಂದಾಗ್ ಕೇಳುಸ್ತು.”

ನಾನು ಕ್ಷಮಿಸಿ ಎಂದೆ. ಎಂದೆನೋ, ಬಾಯಿ ಮಾತ್ರ ಆಡಿತೋ, ನೆನಪಿಲ್ಲ. ಆ ಮೈಕಿನ ಹಾಗೆಯೇ ಆಗಿತ್ತು ನನ್ನ ಗಂಟಲು.

“ಬುಡಿ. ನಿಮ್ಗೆ ಗೊತ್ತಿರ್ನಿಲ್ಲ ಅಂದ್ಕೊಳಾನಾ ಅಂತ ನೋಡ್ದೆ. ಆದ್ರೆ ನಾನೇ ಹೇಳಿದ್ನಲ್ಲ, ಅದೇ ತೊಂದ್ರೆ” ಎಂದ. ಸ್ವಲ್ಪ ಹೊತ್ತು ಸೈಕಲ್ ಬೆಲ್ಲನ್ನು ಒತ್ತದೆ ಸುಮ್ಮನೆ ಸವರಿದ. “ಮೂಲೆ ಕಂಬ್ದಲ್ಲಿ ಇನ್ನೂ ಒಸಿ ಕೆಲ್ಸ ಐತೆ. ಈಗ್ಲೇ ಮುಗಿಸ್ಬುಡ್ತೀನಿ. ಬನ್ನಿ.”

ಹೋದೆ. ಮೈದಾನ ಖಾಲಿ. ಶಾಮಿಯಾನ ಬಿಚ್ಚಿದ ಗುಣಿಗಳು ಹಾಗೇ ಇದ್ದವು. ಆತ ಹ್ಯಾಂಡಲ್ ಎಳೆದ. ಅಂಗಿ ಬಿಚ್ಚುತ್ತಾನೆ ಎಂದುಕೊಂಡೆ. ಬಿಚ್ಚಲಿಲ್ಲ. ನನ್ನ ತೋಳು ಹಿಡಿದು ಹ್ಯಾಂಡಲ್ ಮುಂದೆ ನಿಲ್ಲಿಸಿದ, ಕಾಲರ್ ಸರಿ ಮಾಡುವವನಂತೆ ಒಮ್ಮೆ ಮೇಲಿಂದ ಕೆಳಗೆ ನೋಡಿದ.

“ಇಲ್ಲೇ ನಿಂತಿರಿ. ನಾನ್ ಇಳಿಯೋಗಂಟ ಎತ್ಲಾಗೂ ಹೋಗ್ಬೇಡಿ. ಯಾರಾನ ಬಂದು ಚೆನ್ನಾಗಿ ಕಾಣಲ್ಲ ಅಂದ್ರೂ ಹೋಗ್ಬೇಡಿ.”

ನಾಲ್ಕು ಹೆಜ್ಜೆ ಹೋದವನು ತಿರುಗಿದ. “ಕೈ ಎಲ್ಡೂ ನಂಗೆ ಕಾಣೋ ಹಂಗಿರ್ಲಿ.”

ಆತ ಕಂಬ ಹತ್ತಿ ಕೆಲಸ ಮುಗಿಸಿ ಇಳಿಯುವವರೆಗೂ ನಾನು ಎರಡೂ ಕೈ ಮೇಲೆತ್ತಿಕೊಂಡು ನಿಂತಿದ್ದೆ. ತೋಪಿನ ಬೇಲಿಯಾಚೆ ಎಮ್ಮೆಯ ಮುದುಕರು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದರು.